ತಂಬೂರಿಯ ಹೊಳಪು, ಅರಗಿನ ಗುಟ್ಟು

ಮಹಾನವಮಿ ಬಂತೆಂದರೆ ವಿಜಯಪುರ ಜಿಲ್ಲೆಯ ಮನಗೂಳಿಯಂಥ ಊರುಗಳಲ್ಲಿ ತೊಳೆಯದೆ ಉಳಿಯುವ ವಸ್ತುವೇ ಇರುವುದಿಲ್ಲ. ಕುಡ, ಕುಡಗೋಲು, ಕುಂಟೆ, ಕೂರಿಗೆಗಳು ಅಂಗಳಕ್ಕೆ ಬರುತ್ತವೆ. ಟ್ರ್ಯಾಕ್ಟರಿಗೆ ಪೈಪಿನ ನೀರು, ಹೊಲಿಗೆ ಯಂತ್ರಕ್ಕೆ ಎಣ್ಣೆ ಬೀಳುತ್ತದೆ. ಅನ್ನ ಕೊಡುವ ಉಪಕರಣದ ಮೈ ತೊಳೆದು, ಖಂಡೆ ಪೂಜೆ ಮಾಡಿ ಕೈಮುಗಿಯುವುದು ಒಳ್ಳೆಯ ಪದ್ಧತಿಯೇ. ಆದರೆ ಅದೇ ಬಕೆಟ್ಟು, ಅದೇ ಅರಿವೆ ಗುಡಿಯ ಮೂಲೆಯಲ್ಲಿರುವ ತಂಬೂರಿಯ ಬಳಿಗೂ, ಭಜನೆಯ ಹಾರ್ಮೋನಿಯಂ ಬಳಿಗೂ, ಕಾಲೇಜು ಹುಡುಗ ಗೋಡೆಗೆ ತೂಗುಹಾಕಿದ ಗಿಟಾರಿನ ಬಳಿಗೂ ಹೋದಾಗ ತೊಂದರೆ ಶುರುವಾಗುತ್ತದೆ. ಕಬ್ಬಿಣಕ್ಕೆ ಸಲ್ಲುವ ಉಪಚಾರ ಕಟ್ಟಿಗೆಗೆ ಸಲ್ಲದು. ಕಟ್ಟಿಗೆಗೆ ಸಲ್ಲುವುದೂ ಅದರ ಮೇಲಿನ ಲೇಪಕ್ಕೆ ಸಲ್ಲದಿರಬಹುದು.

ವಾದ್ಯಗಳು ಬಾರಿಸಿ ಹಾಳಾಗುವುದಕ್ಕಿಂತ ಒರೆಸಿ ಹಾಳಾಗುವುದೇ ಹೆಚ್ಚೇನೋ ಎನ್ನಿಸುವಷ್ಟು ಈ ತಪ್ಪು ಸಾಮಾನ್ಯ. 2020ರಲ್ಲಿ ಕೊರೊನಾ ಬಂದಾಗ ಇದಕ್ಕೆ ಇನ್ನೊಂದು ದಾರಿ ತೆರೆಯಿತು. ಮನೆಮನೆಗೂ ಸ್ಯಾನಿಟೈಜರ್ ಬಂತು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಪಾಕದಲ್ಲಿ ಶೇಕಡಾ 80ರಷ್ಟು ಎಥೆನಾಲ್ ಅಥವಾ 75ರಷ್ಟು ಐಸೊಪ್ರೊಪೈಲ್ ಆಲ್ಕೋಹಾಲ್ ಇರುತ್ತದೆ. ಕೈಯ ವೈರಾಣುವನ್ನು ಕೊಲ್ಲುವ ಈ ದ್ರವ, ಬಡಿಗ ಅರಗು ಕರಗಿಸಲು ಬಳಸುವ ಸ್ಪಿರಿಟ್‌ನ ಸೋದರನೇ. ಅದು ಒಣಗುವ ಮೊದಲೇ ಹಳೆಯ ತಂಬೂರಿಯ ಮೇಲೆ ಕೈಯಿಟ್ಟರೆ ಬೆರಳಚ್ಚು ಅಲ್ಲಿಯೇ ಉಳಿದುಬಿಡುತ್ತದೆ.

ಹೊಳಪು ಎಲ್ಲಿರುತ್ತದೆ?

ಹೊಳಪು ಕಟ್ಟಿಗೆಯದಲ್ಲ, ಅದರ ಮೇಲಿನ ತೆಳುಪದರದ್ದು. ನುಣುಪಾದ ಮೇಲ್ಮೈ ಮೇಲೆ ಬಿದ್ದ ಬೆಳಕು ಬಿದ್ದ ಕೋನದಲ್ಲಿಯೇ ತಿರುಗಿ ಹೋಗುತ್ತದೆ. ಆಗ ಅದು ಕನ್ನಡಿಯಂತೆ ಮಿನುಗುತ್ತದೆ. ಮೇಲ್ಮೈ ಗೀಚಿದ್ದರೆ ಬೆಳಕು ದಿಕ್ಕಾಪಾಲಾಗಿ ಚದುರುತ್ತದೆ, ಆಗ ಮಂಕು. ಶಾಲೆಯಲ್ಲಿ ಓದಿದ ಪ್ರತಿಫಲನದ ನಿಯಮವೇ ಇಲ್ಲಿಯೂ ನಡೆಯುವುದು. ಒಳ್ಳೆಯ ಅರಗಿನ ಲೇಪ ತಲೆಗೂದಲಿಗಿಂತಲೂ ತೆಳುವಾಗಿರಬಲ್ಲದು. ಆ ತೆಳುಪದರಕ್ಕೆ ಎರಡು ಹೊಣೆಗಳಿವೆ. ಒಂದು, ಕಟ್ಟಿಗೆ ತೇವವನ್ನು ಒಮ್ಮೆಲೇ ಹೀರದಂತೆ, ಒಮ್ಮೆಲೇ ಬಿಡದಂತೆ ತಡೆಯುವುದು. ಮಳೆಗಾಲದಲ್ಲಿ ಉಬ್ಬಿ, ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಕುಗ್ಗುವ ಹಲಗೆಗೆ ಅದೇ ಹೊದಿಕೆ. ಇನ್ನೊಂದು, ಬೆವರು ಮತ್ತು ಜಿಡ್ಡು ಕಟ್ಟಿಗೆಯ ಎಳೆಗೆ ಇಳಿಯದಂತೆ ಕಾಯುವುದು. ಇಷ್ಟನ್ನೂ ಅದು ತಂಬೂರಿಯ ತಬಲಿಯ ಅಥವಾ ಗಿಟಾರಿನ ಮೇಲ್ಹಲಗೆಯ ಕಂಪನಕ್ಕೆ ಅಡ್ಡಬಾರದೆ ಮಾಡಬೇಕು. ಹೊಳೆಯಲಿ ಎಂದು ಪದರದ ಮೇಲೆ ಪದರ ಬಳಿದರೆ ಹಲಗೆಯ ತೂಕ ಏರಿ ನಾದ ಕುಗ್ಗುತ್ತದೆ.

"ಪಾಲಿಶ್" ಎಂಬ ಮಾತಿನಲ್ಲಿಯೇ ಒಂದು ಗೊಂದಲವಿದೆ. ಬಡಿಗ ಪಾಲಿಶ್ ಹೊಡೆದ ಎಂದರೆ ಹೊಸ ಲೇಪ ಹಚ್ಚಿದ ಎಂದರ್ಥ. ಬೂಟಿಗೆ ಪಾಲಿಶ್ ಎಂದರೆ ಮೇಣ ಹಚ್ಚಿ ಉಜ್ಜುವುದು. ಹಿತ್ತಾಳೆಗೆ ಪಾಲಿಶ್ ಎಂದರೆ ಮೇಲಿನ ಪದರವನ್ನೇ ತುಸು ತೆಗೆಯುವುದು. ಒಂದೇ ಹೆಸರಿನ ಈ ಮೂರು ಕೆಲಸಗಳಲ್ಲಿ ವಾದ್ಯಕ್ಕೆ ಮನೆಯಲ್ಲಿ ಬೇಕಾಗುವುದು ಬಹುಮಟ್ಟಿಗೆ ಮೂರರಲ್ಲಿ ಒಂದೂ ಅಲ್ಲ. ಅದಕ್ಕೆ ಬೇಕಾದದ್ದು ಬರೀ ಶುಚಿ.

ಮೋತಿಖಾನನಿಂದ ಮಿರಜದವರೆಗೆ

ವಾದ್ಯವನ್ನು ಮುದ್ದಿನಿಂದ ನೋಡಿಕೊಳ್ಳುವುದು ಈ ಸೀಮೆಗೆ ಹೊಸದೇನಲ್ಲ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲಶಹಾ ತನ್ನ ತಂಬೂರಿಗೆ 'ಮೋತಿಖಾನ್' ಎಂದು ಹೆಸರಿಟ್ಟಿದ್ದ. 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಗ್ರಂಥ ಬರೆದು, 1599ರಲ್ಲಿ ಬಿಜಾಪುರದ ಮಗ್ಗುಲಿಗೇ ನವರಸಪುರವೆಂಬ ಪಟ್ಟಣ ಕಟ್ಟಿಸತೊಡಗಿದ ದೊರೆ ಅವನು. ಅವನು ತಂಬೂರಿ ನುಡಿಸುತ್ತ ಕುಳಿತ ಚಿತ್ರವೊಂದು ಇಂದು ದೂರದ ಪ್ರಾಗ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಚಿತ್ರಕಾರ ಫರ್ರುಖ್ ಬೇಗ್.

ಈಗ ಈ ಭಾಗದ ತಂಬೂರಿಗಳ ತವರೆಂದರೆ ಅಥಣಿ, ಕಾಗವಾಡ ದಾಟಿದರೆ ಸಿಗುವ ಮಿರಜ. ಒಂದು ಕಾಲಕ್ಕೆ ಅದೂ ಆದಿಲಶಾಹಿಗೆ ಸೇರಿದ ಊರೇ. ಅಲ್ಲಿ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ, ಕತ್ತಿ-ಕಠಾರಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಆಯುಧಗಳಿಗೆ ಬೇಡಿಕೆ ಇಳಿದಾಗ ಸಿತಾರ, ತಂಬೂರಿಗಳ ತಯಾರಿಕೆಗೆ ಕೈಹಾಕಿದರು. ಆ ಪರಂಪರೆಯ ಮೂಲಪುರುಷನೆಂದು ಫರೀದಸಾಹೇಬರ ಹೆಸರು ಹೇಳುತ್ತಾರೆ. ಬುರುಡೆಗೆ ಪಂಢರಪುರ, ಮಂಗಳವೇಢೆ ಕಡೆಯ ಹೊಲಗಳಲ್ಲಿ ಬೆಳೆದ ದೊಡ್ಡ ಕಹಿಸೋರೆ. ದಂಡಿಗೆ, ತಬಲಿಗೆ ತೂನ್ ಮರ. 2024ರಲ್ಲಿ ಮಿರಜದ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಆ ವಾದ್ಯಗಳ ಜೇನುಬಣ್ಣದ ಹೊಳಪಿಗೆ ಮೊದಲಿನಿಂದ ಬಂದ ಸಾಮಗ್ರಿ ಒಂದೇ: ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು.

ಅರಗು ಮರದ ಅಂಟಲ್ಲ, ಹುಳದ ಸ್ರಾವ. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಯ ಟೊಂಗೆಗಳ ಮೇಲೆ ಸಾವಿರಗಟ್ಟಲೆ ಅರಗಿನ ಹುಳಗಳು ಕುಳಿತು ರಸ ಹೀರಿ, ತಮ್ಮ ಮೈಸುತ್ತ ರಾಳದ ಗೂಡು ಕಟ್ಟುತ್ತವೆ. ಅದನ್ನು ಕೆರೆದು, ತೊಳೆದು, ಕಾಸಿ, ತೆಳುವಾಗಿ ಎಳೆದು ಒಣಗಿಸಿದರೆ ಪೇಟೆಯಲ್ಲಿ ಸಿಗುವ ಚಪಡಾ ಅರಗು ಆಗುತ್ತದೆ. ಜಾರ್ಖಂಡದ ಕಾಡುಗಳು ಇದಕ್ಕೆ ಹೆಸರಾದವು. 1924ರಲ್ಲಿಯೇ ರಾಂಚಿಯ ಬಳಿ ಇದರ ಸಂಶೋಧನೆಗೆಂದು ಸಂಸ್ಥೆಯೊಂದು ಸ್ಥಾಪನೆಯಾಗಿತ್ತು. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ ತಯಾರಿಸುವ ಮೈಸೂರಿನ ಕಾರ್ಖಾನೆಯೂ 1937ರಲ್ಲಿ ಆರಂಭವಾದದ್ದು 'ಮೈಸೂರು ಲ್ಯಾಕ್ ಆ್ಯಂಡ್ ಪೇಂಟ್ ವರ್ಕ್ಸ್' ಎಂಬ ಹೆಸರಿನಲ್ಲಿ. ಆ 'ಲ್ಯಾಕ್' ಇದೇ ಅರಗು. ಚನ್ನಪಟ್ಟಣದ ಗೊಂಬೆಗಳ ಬಣ್ಣದ ಮೈಯೂ ಇದರಿಂದಲೇ. ಅಲ್ಲಿ ಸ್ಪಿರಿಟ್ ಬೇಕಿಲ್ಲ. ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಶಾಖಕ್ಕೇ ಕರಗಿ ಹತ್ತಿಕೊಳ್ಳುತ್ತದೆ.

ಅಂದರೆ ಅರಗಿಗೆ ಶಾಖವೂ ಆಗದು. ಸುಮಾರು 75 ಡಿಗ್ರಿ ಸೆಲ್ಸಿಯಸ್‌ಗೆ ಅದು ಕರಗುತ್ತದೆ. ಅದಕ್ಕಿಂತ ಮೊದಲೇ ಮೆತ್ತಗಾಗುತ್ತದೆ. ಬೇಗ ಹೊತ್ತಿ ಉರಿಯುವುದೆಂದೇ ಅಲ್ಲವೇ ಮಹಾಭಾರತದಲ್ಲಿ ಪಾಂಡವರಿಗೆ ಅರಗಿನ ಮನೆ ಕಟ್ಟಿಸಿದ್ದು? ಬೇಸಿಗೆಯ ಮಧ್ಯಾಹ್ನ ಕಿಟಕಿ ಏರಿಸಿದ ಕಾರಿನಲ್ಲಿ, ತಗಡಿನ ಮಾಡಿನ ಕೆಳಗೆ, ಬಿಸಿಲು ಬೀಳುವ ಮಾಳಿಗೆಯಲ್ಲಿ ತಂಬೂರಿ ಇಟ್ಟರೆ ಹೊದಿಸಿದ ಬಟ್ಟೆಯ ಎಳೆಗಳು ಮೆತ್ತಗಾದ ಅರಗಿನಲ್ಲಿ ಅಚ್ಚೊತ್ತಿಕೊಳ್ಳುತ್ತವೆ.

ಬೆಲ್ಲದ ಜಾತಿ, ರೊಟ್ಟಿಯ ಜಾತಿ

ಎಲ್ಲ ವಾದ್ಯಗಳಿಗೂ ಅರಗಿನ ಲೇಪವೇ ಇರುವುದಿಲ್ಲ. ಗಿಟಾರಿನ ವಿಷಯದಲ್ಲಿ ಇನ್ನೆರಡು ಬಗೆಗಳನ್ನು ತಿಳಿದಿರಬೇಕು. ಮೊದಲನೆಯದು ನೈಟ್ರೊಸೆಲ್ಯುಲೋಸ್. ಹತ್ತಿಯನ್ನು ಆಮ್ಲಗಳಲ್ಲಿ ಸಂಸ್ಕರಿಸಿ ಶೋನ್‌ಬೈನ್ ಎಂಬ ವಿಜ್ಞಾನಿ 1846ರಲ್ಲಿ ಸಿಡಿಹತ್ತಿ ತಯಾರಿಸಿದ. ಅದೇ ಕುಲದ ಪದಾರ್ಥವನ್ನು ಬಣ್ಣವಾಗಿಸಿ 1923ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ 'ಡ್ಯೂಕೋ' ಹೆಸರಿನಲ್ಲಿ ಕಾರುಗಳಿಗಾಗಿ ಪೇಟೆಗೆ ತಂದಿತು. ಬಡಿಗರ ಬಾಯಲ್ಲಿ ಇಂದಿಗೂ ಇರುವ 'ಡ್ಯೂಕೋ ಪೇಂಟ್' ಬಂದದ್ದು ಅಲ್ಲಿಂದಲೇ. ಹಳೆಯ ಗಿಟಾರುಗಳ ಮೈಮೇಲಿರುವುದು ಹೆಚ್ಚಾಗಿ ಈ ಜಾತಿಯ ಲೇಪ. ಹೆಣ್ಣುಮಕ್ಕಳ ಉಗುರುಬಣ್ಣದಲ್ಲಿರುವುದೂ ಇದೇ. ಎರಡನೆಯದು ಪಾಲಿಯುರೆಥೇನ್ ಅಥವಾ ಪಾಲಿಯೆಸ್ಟರ್. ಇಂದು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬೆಲೆಯ ಗಿಟಾರುಗಳಲ್ಲಿ ಬಹುಪಾಲು ಈ ಗಾಜಿನಂಥ ಗಟ್ಟಿ ಲೇಪದವು.

ಇವುಗಳ ವ್ಯತ್ಯಾಸಕ್ಕೆ ಅಡುಗೆಮನೆಯ ಉಪಮೆ ಸಾಕು. ಅರಗು ಮತ್ತು ನೈಟ್ರೊಸೆಲ್ಯುಲೋಸ್ ಬೆಲ್ಲದ ಜಾತಿ. ಬೆಲ್ಲ ನೀರಿನಲ್ಲಿ ಕರಗುತ್ತದೆ. ನೀರು ಇಂಗಿದರೆ ಮತ್ತೆ ಗಟ್ಟಿಯಾಗುತ್ತದೆ. ಹಾಗೆಯೇ ಅರಗು ಸ್ಪಿರಿಟ್‌ನಲ್ಲಿ ಕರಗಿ, ಸ್ಪಿರಿಟ್ ಆರಿದಾಗ ಗಟ್ಟಿಯಾಗುತ್ತದೆ. ನೈಟ್ರೊಸೆಲ್ಯುಲೋಸ್‌ಗೆ ಥಿನ್ನರ್, ಅಸಿಟೋನ್‌ಗಳು ದ್ರಾವಕಗಳು. ಪಾಲಿಯುರೆಥೇನ್ ರೊಟ್ಟಿಯ ಜಾತಿ. ಬೆಂದ ರೊಟ್ಟಿ ಮತ್ತೆ ಹಿಟ್ಟಾಗದು. ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಸ್ಪಿರಿಟ್‌ಗೆ ಅದು ಕರಗದು.

ಹಾಗಾದರೆ ಬೆಲ್ಲದ ಜಾತಿ ಕೀಳೇ? ಅಲ್ಲ. ಅದರ ದೌರ್ಬಲ್ಯದಲ್ಲಿಯೇ ಅದರ ಬಲವಿದೆ. ಅರಗಿನ ಲೇಪ ಸವೆದಲ್ಲಿ ಹೊಸ ಅರಗು ಹಚ್ಚಿದರೆ ಅದು ಹಳೆಯದನ್ನು ತುಸು ಕರಗಿಸಿಕೊಂಡು ಅದರಲ್ಲಿ ಒಂದಾಗುತ್ತದೆ, ಬೆಸುಗೆ ಕಾಣುವುದಿಲ್ಲ. ಅಜ್ಜನ ತಂಬೂರಿಯನ್ನು ಮೊಮ್ಮಗನ ಕಾಲಕ್ಕೂ ಮೈಕೆಡದಂತೆ ದುರಸ್ತಿ ಮಾಡಬಹುದಾದದ್ದು ಈ ಗುಣದಿಂದಲೇ. ರೊಟ್ಟಿಯ ಜಾತಿಯ ಲೇಪ ಒಡೆದರೆ ಹೊಸದು ಅದರೊಳಗೆ ಬೆರೆಯದೆ ತೇಪೆಯಾಗಿ ಮೇಲೆ ಕೂರುತ್ತದೆ.

ಯಾವ ಲೇಪ ಎಂದು ಗೊತ್ತಾಗದಿದ್ದರೆ? ನಿಯಮ ಸರಳ: ವಾದ್ಯ ಹಳೆಯದಾಗಿದ್ದರೆ, ಕೈಯಿಂದ ಮಾಡಿದ್ದಾಗಿದ್ದರೆ, ಬೆಲ್ಲದ ಜಾತಿಯೆಂದೇ ತಿಳಿದು ನಡೆಯಬೇಕು. ಸ್ಪಿರಿಟ್ ಹನಿ ಹಾಕಿ ಪರೀಕ್ಷಿಸುವುದನ್ನು ದುರಸ್ತಿ ಮಾಡುವವರಿಗೇ ಬಿಡುವುದು ಲೇಸು. ಒರೆಸುವುದಕ್ಕೆ ಆ ಪರೀಕ್ಷೆಯ ಅಗತ್ಯವೇ ಇಲ್ಲ.

ಒರೆಸುವ ಕ್ರಮ

ಮೊದಲ ಶತ್ರು ಧೂಳು. ಹೆದ್ದಾರಿಯ ಅಂಚಿನ ಮನಗೂಳಿಯಲ್ಲಿ ಒಂದು ವಾರ ತೆರೆದಿಟ್ಟ ವಾದ್ಯದ ಮೇಲೆ ಬೆರಳಿನಿಂದ ಹೆಸರು ಬರೆಯಬಹುದು. ಆ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಬೆಣಚಿಗೆ 7ನೆಯ ಸ್ಥಾನ. ಅದು ಗಾಜನ್ನೂ ಗೀಚಬಲ್ಲದು. ಧೂಳಿನ ಮೇಲೆ ಒಣಬಟ್ಟೆ ಒತ್ತಿ ತಿಕ್ಕಿದರೆ ಉಪ್ಪುಕಾಗದ ಉಜ್ಜಿದಂತೆಯೇ. ಆದ್ದರಿಂದ ಮೊದಲು ಉದ್ದ ಕೂದಲಿನ ಮೆತ್ತನೆಯ ಬ್ರಶ್ಶಿನಿಂದ, ಒತ್ತಡ ಹಾಕದೆ, ಧೂಳನ್ನು ಮೇಲಿನಿಂದ ಕೆಳಕ್ಕೆ ಇಳಿಸಬೇಕು. ತಂತಿಯ ಕೆಳಗೆ, ಕುದುರೆಯ ಸುತ್ತ, ಬಿರಡೆಗಳ ಸಂದಿಯಲ್ಲಿ ಬ್ರಶ್ಶೇ ಸರಿ.

ಎರಡನೆಯದು ಬಟ್ಟೆ. ಪೇಟೆಯಿಂದ ವಿಶೇಷ ಬಟ್ಟೆ ತರಬೇಕೆಂದಿಲ್ಲ. ಹತ್ತಾರು ಸಲ ಒಗೆದು ಮೆತ್ತಗಾದ ಹಳೆಯ ಧೋತರದ ತುಂಡು ಸಾಕು. ಅಂಚು, ಹೊಲಿಗೆ ಕತ್ತರಿಸಿ ತೆಗೆದಿರಬೇಕು; ಗಂಜಿ ಹಾಕಿದ್ದಾಗಿರಬಾರದು. ಅದನ್ನು ನೀರಿನಲ್ಲಿ ಅದ್ದಿ, ಹಿಂಡಿದರೆ ಒಂದು ಹನಿಯೂ ಬೀಳದಷ್ಟು ಹಿಂಡಬೇಕು. ನೀರೂ ಮುಖ್ಯ. ಈ ಭಾಗದ ಹಲವು ಕೊಳವೆಬಾವಿಗಳ ನೀರು ಗಡಸು, ಸವಳು. ಆರಿದ ಮೇಲೆ ಪಾತ್ರೆಯ ಮೇಲೆ ಬಿಳಿಗಲೆ ಬಿಡುವ ಆ ಸುಣ್ಣ ವಾದ್ಯದ ಮೇಲೂ ಬಿಡುತ್ತದೆ. ಶುದ್ಧೀಕರಿಸಿದ ಕುಡಿಯುವ ನೀರು ಅಥವಾ ಬ್ಯಾಟರಿಗೆ ಹಾಕುವ ಭಟ್ಟಿ ನೀರು ಬಳಸುವುದು ಒಳಿತು.

ಅಂಗೈಯಗಲದ ಜಾಗವನ್ನಷ್ಟೇ ಒಮ್ಮೆಗೆ ಹಗುರಾಗಿ ಒರೆಸಿ, ಕೂಡಲೇ ಇನ್ನೊಂದು ಒಣತುಂಡಿನಿಂದ ತೇವ ಎತ್ತಬೇಕು. ಆಮೇಲೆ ಮುಂದಿನ ಜಾಗ. ನೀರು ನಿಂತರೆ ಅರಗು ಬೆಳ್ಳಗಾಗುತ್ತದೆ. ತೇವ ಪದರದೊಳಗೆ ಹೊಕ್ಕದ್ದೇ ಅದಕ್ಕೆ ಕಾರಣ. ಹೀಗೆ ಮೂಡಿದ ತೆಳುಬಿಳುಪು ಕೆಲವು ದಿನ ಒಣಗಾಳಿಯ ನೆರಳಿನಲ್ಲಿಟ್ಟರೆ ಎಷ್ಟೋ ಸಲ ತಾನೇ ಮಾಯುತ್ತದೆ. ಆತುರಪಟ್ಟು ಉಜ್ಜಿದರೆ ಮಾಯದ ಕಲೆಯಾಗುತ್ತದೆ. ಹಲಗೆಗಳ ಬೆಸುಗೆಯಲ್ಲಿ ನೀರು ಇಳಿಯಬಾರದು. ಹಳೆಯ ವಾದ್ಯಗಳನ್ನು ಜೋಡಿಸಿರುವುದು ಹೆಚ್ಚಾಗಿ ಸರೇಸಿನಿಂದ; ಬಿಸಿ ಮತ್ತು ತೇವ ಸೇರಿದರೆ ಸರೇಸು ಬಿಡುತ್ತದೆ. ಬುರುಡೆಯ ಮೇಲಂತೂ ಹೆಬ್ಬೆರಳಿನ ಭಾರ ಬೀಳಬಾರದು. ಅದು ಒಣಗಿದ ಕಾಯಿ. ಒತ್ತಿದರೆ ತತ್ತಿಯಂತೆ ಬಿರಿಯುತ್ತದೆ.

ಜಿಡ್ಡು ಗಟ್ಟಿಯಾಗಿ ಹತ್ತಿದ್ದರೆ? ಬಾಯಿಂದ ಹಬೆಯೂದಿ ಒರೆಸುವುದು, ಮತ್ತೆ ಊದಿ ಒರೆಸುವುದು - ಈ ಸಾವಧಾನದ ವಿಧಾನವೇ ಅತ್ಯಂತ ಸುರಕ್ಷಿತ. ಪಾಲಿಯುರೆಥೇನ್ ಲೇಪದ ಹೊಸ ಗಿಟಾರಿಗಾದರೆ ಒಂದು ಲೋಟ ನೀರಿಗೆ ಒಂದು ಹನಿ ಸೌಮ್ಯ ಸೋಪಿನ ದ್ರಾವಣ ಬೆರೆಸಿ, ಹಿಂಡಿದ ಬಟ್ಟೆಯಿಂದ ಒರೆಸಿ, ಬರೀ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಬಹುದು. ಅರಗಿಗೆ ಸೋಪು, ಸೋಡಾ, ಬಟ್ಟೆಪುಡಿ ಸಲ್ಲವು. ಕ್ಷಾರದಲ್ಲಿ ಅರಗು ಕರಗುತ್ತದೆ.

ಹಚ್ಚಬಾರದವು

ವಿಭೂತಿಯಿಂದ ಬೆಳ್ಳಿ ಬೆಳಗುವುದು ಮನೆಮಾತು. ಅದು ನಯವಾದ ಪುಡಿ. ಕಪ್ಪಾದ ಮೇಲ್ಪದರವನ್ನು ಉಜ್ಜಿ ತೆಗೆಯುತ್ತದೆ. ಹಲ್ಲುಜ್ಜುವ ಪೇಸ್ಟಿನ ಕೆಲಸವೂ ಅದೇ. ಬೆಳ್ಳಿಗೆ ಕಳೆದುಕೊಳ್ಳಲು ಪದರವಿದೆ. ಕೂದಲಿಗಿಂತ ತೆಳುವಾದ ಅರಗಿಗೆ ಇಲ್ಲ. ಕಾರಿಗೆ ಹಚ್ಚುವ ಪಾಲಿಶ್‌ಗಳಲ್ಲಿಯೂ ಉಜ್ಜುಪುಡಿ ಇರಬಹುದು. ಅವುಗಳಲ್ಲಿ ಹಲವಕ್ಕೆ ಸಿಲಿಕೋನ್ ಸೇರಿರುತ್ತದೆ. ಅದು ಬಿರುಕಿನಲ್ಲಿಳಿದು ಕುಳಿತರೆ ಮುಂದೆ ಎಂದಾದರೂ ಹೊಸ ಲೇಪ ಹಚ್ಚುವಾಗ ಅಲ್ಲಿ ಲೇಪ ನಿಲ್ಲದೆ ಕುಳಿ ಬೀಳುತ್ತದೆ. ಹೊಳಪಿಲ್ಲದ ಮಾಸಲು ಮೈಯ ಗಿಟಾರನ್ನು ಉಜ್ಜಿದರಂತೂ ಉಜ್ಜಿದಷ್ಟೇ ಜಾಗ ಮಿನುಗಿ ಮೈಯೆಲ್ಲ ತೇಪೆಯಂತಾಗುತ್ತದೆ.

ಕೊಬ್ಬರಿ ಎಣ್ಣೆ ಒಂದು ದಿನ ಮಿಂಚುತ್ತದೆ. ಆದರೆ ಅದು ಒಣಗುವ ಜಾತಿಯ ಎಣ್ಣೆಯಲ್ಲ. ಜಿಡ್ಡಾಗಿ ಉಳಿದು, ಧೂಳು ಹಿಡಿದು, ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಒಣಗುವ ಜಾತಿಯದು. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಆದ್ದರಿಂದಲೇ ಅದು ಬಣ್ಣಗಳಿಗೆ ಬೇಕು. ಆದರೆ ಹೀಗೆ ಗಟ್ಟಿಯಾಗುವಾಗ ಶಾಖ ಹೊರಡುತ್ತದೆ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ಆ ಶಾಖ ಒಳಗೇ ಕೂಡಿ, ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳಬಹುದು. ಅಂಥ ಬಟ್ಟೆಯನ್ನು ಬಯಲಿನಲ್ಲಿ ಹರವಿ ಒಣಗಿಸಬೇಕು ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು. ರೊಟ್ಟಿಯ ಜೊತೆ ಅಗಸೆ ಹಿಂಡಿ ತಿನ್ನುವ ನಾಡಿನವರು ಅದರ ಎಣ್ಣೆಯ ಈ ಗುಣವನ್ನೂ ಅರಿತಿರುವುದು ಒಳ್ಳೆಯದು.

ಪೂಜೆಯ ದಿನ ಅರಿಷಿಣ-ಕುಂಕುಮ ಏರಿಸದೆ ಮನಸ್ಸು ಒಪ್ಪದು. ಅರಿಷಿಣದ ಬಣ್ಣ ಎಣ್ಣೆಯಲ್ಲಿಯೂ ಸ್ಪಿರಿಟ್‌ನಲ್ಲಿಯೂ ಕರಗುವಂಥದು. ಲೇಪ ಬಿರಿದ ಕಡೆ ಹಚ್ಚಿದರೆ ಕಟ್ಟಿಗೆಗೆ ಇಳಿದು ಮರಳಿ ಬಾರದು. ವಾದ್ಯದ ಮುಂದೆ ವೀಳ್ಯದೆಲೆ ಇಟ್ಟು ಅದಕ್ಕೇ ಏರಿಸಿದರೆ ಭಕ್ತಿಗೇನೂ ಕುಂದಿಲ್ಲ. ಕರ್ಪೂರದಾರತಿಯನ್ನಂತೂ ದೂರದಿಂದ ಬೆಳಗಬೇಕು. ಹಳೆಯ ವಾದ್ಯಗಳ ಅಂಚಿನ ಬಿಳಿ ಪಟ್ಟಿಗಳು ಸೆಲ್ಯುಲಾಯ್ಡ್‌ನವಾಗಿರಬಹುದು. ಅದು ಸಿಡಿಹತ್ತಿಯ ಬಳಗದ್ದು, ಬೆಂಕಿ ತಾಗಿದರೆ ಭಗ್ಗನೆ ಉರಿಯುತ್ತದೆ.

ಸ್ಪಿರಿಟ್‌ನಿಂದ ಮನೆಯಲ್ಲಿಯೇ ಹೊಸ ಲೇಪ ಹಚ್ಚಲು ಹೊರಡುವವರಿಗೆ ಇನ್ನೊಂದು ಮಾತು. ಶುದ್ಧ ಎಥೆನಾಲ್ 13 ಡಿಗ್ರಿಯಷ್ಟು ತಣ್ಣಗಿದ್ದಾಗಲೂ ಕಿಡಿ ತಾಗಿದರೆ ಹೊತ್ತುವಷ್ಟು ಆವಿ ಬಿಡುತ್ತದೆ. ವಿಜಯಪುರದ ಬೇಸಿಗೆಯ ಮಾತಿರಲಿ, ಚಳಿಗಾಲದ ಮಧ್ಯಾಹ್ನವೂ ಅದಕ್ಕೆ ಸಾಕು. ಆ ಆವಿ ಗಾಳಿಗಿಂತ ಭಾರ. ನೆಲಗುಂಟ ಹರಿದು ಒಲೆಯವರೆಗೂ ಹೋಗಬಲ್ಲದು. ಬಡಗಿಯ ಸ್ಪಿರಿಟ್‌ನಲ್ಲಿ ವಿಷಕಾರಿ ಮೆಥನಾಲ್ ಕೂಡ ಬೆರೆತಿರಬಹುದು. ಮುಚ್ಚಿದ ಕೋಣೆ, ಉರಿಯುವ ದೀಪ, ಆಡುವ ಮಕ್ಕಳು - ಈ ಮೂರೂ ಅದರ ಬಳಿ ಇರಬಾರದು.

ಕೊಳೆ ಯಾವುದು, ವಯಸ್ಸು ಯಾವುದು?

ಎಲ್ಲ ಕಲೆಯೂ ಕೊಳೆಯಲ್ಲ. ದಂಡಿಯ ಮೇಲೆ ಕೈ ಓಡಾಡಿ ತಿಳಿಯಾದ ಜಾಗ, ಬಣ್ಣ ಗಾಢವಾಗಿ ಕೆಂಪೇರಿದ ತಬಲಿ, ಜೇಡರಬಲೆಯಂತೆ ಬಿರಿದ ಹಳೆಯ ಲೇಪ - ಇವು ವಾದ್ಯದ ವಯಸ್ಸು. ಒರೆಸಿದರೆ ಹೋಗುವುದು ಕೊಳೆ. ಒರೆಸಿದರೂ ಹೋಗದ್ದನ್ನು ಬಿಟ್ಟುಬಿಡಬೇಕು. ಹೊಸದರಂತೆ ಮಾಡಿಕೊಡುತ್ತೇವೆ ಎಂದು ಉಪ್ಪುಕಾಗದ ಹಿಡಿದವರ ಕೈಗೆ ಹಳೆಯ ತಂಬೂರಿ ಕೊಟ್ಟರೆ ಲೇಪದ ಜೊತೆ ತಬಲಿಯೂ ತೆಳುವಾಗುತ್ತದೆ. ಹೋದ ಕಟ್ಟಿಗೆ, ಅದರ ಜೊತೆ ಹೋದ ನಾದ ಮತ್ತೆ ಬಾರವು. ಲೇಪ ಪದರುಪದರಾಗಿ ಏಳುತ್ತಿದ್ದರೆ, ಕಟ್ಟಿಗೆ ಬರಿಮೈಯಾಗಿದ್ದರೆ, ವಾದ್ಯ ಮಾಡುವವರ ಬಳಿಗೇ ಒಯ್ಯುವುದು ಸರಿ.

ಮಿಕ್ಕದ್ದು ದಿನನಿತ್ಯದ ರೂಢಿ. ನುಡಿಸುವ ಮೊದಲು ಕೈ ತೊಳೆದು ಒಣಗಿಸಿಕೊಳ್ಳುವುದು. ನುಡಿಸಿದ ಮೇಲೆ ಕೈ ತಾಗಿದ ಜಾಗವನ್ನು, ಬೆವರಿನ ಉಪ್ಪು ಮತ್ತು ಆಮ್ಲ ಒಣಗಿ ಕೂರುವ ಮೊದಲು, ಮೆತ್ತನೆಯ ಬಟ್ಟೆಯಿಂದ ಒಮ್ಮೆ ಸವರುವುದು. ರೆಗ್ಜಿನ್ ಬದಲು ಹತ್ತಿಯ ಗವಸು ಹಾಕುವುದು. ರೆಗ್ಜಿನ್ ಮೆತ್ತಗಿರಲೆಂದು ಸೇರಿಸಿದ ಪದಾರ್ಥ ಬೆಲ್ಲದ ಜಾತಿಯ ಲೇಪಕ್ಕೆ ಇಳಿದು ಅದನ್ನು ಅಂಟಂಟಾಗಿಸುತ್ತದೆ. ಗೋಡೆಗಂಟಿಕೊಂಡ ಅಡುಗೆ ಒಲೆಯಿಂದಲೂ ಬಿಸಿಲಿನ ಕಿಟಕಿಯಿಂದಲೂ ವಾದ್ಯವನ್ನು ದೂರವಿಡಬೇಕು. ಇಷ್ಟು ಮಾಡುವ ಮನೆಯ ವಾದ್ಯಕ್ಕೆ ಬಾಟಲಿಯ ಪಾಲಿಶ್ ಬೇಕಾಗುವುದು ಅಪರೂಪ. ಅದಕ್ಕೆ ಖರ್ಚು ಒಂದು ಹಳೆಯ ಧೋತರ, ದಿನಕ್ಕೆ ಎರಡು ನಿಮಿಷ.